ಗೇರ್ ರಾಡಿನ ಹಿತ್ತಾಳೆ ಗುಂಡು

ಹೋದ ತಿಂಗಳು ಮನೆಗೆ ಸುಣ್ಣ ಬಳಿಸಲೆಂದು ನನ್ನ ಹಳೆಯ ಟ್ರಂಕನ್ನು ಅಟ್ಟದಿಂದ ಇಳಿಸಿದೆ. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆಯ ಹಿಂದೆಯೇ ಗೇರ್ ಎಣ್ಣೆಯ ವಾಸನೆ ಬಂತು. ಎಲ್ಲಿಂದ ಎಂದು ಹುಡುಕಬೇಕಾಗಿರಲಿಲ್ಲ. ತಳದಲ್ಲಿ, ಕಾಲೇಜಿನ ಪುಸ್ತಕಗಳ ಕೆಳಗೆ, ಗ್ಯಾರೇಜಿನವರು ಕೈ ಒರೆಸುವ ನೂಲಿನ ವೇಸ್ಟಿನಲ್ಲಿ ಸುತ್ತಿಟ್ಟ ಹಿತ್ತಾಳೆಯ ಗುಂಡು ಇತ್ತು. ನಿಂಬೆಹಣ್ಣಿಗಿಂತ ತುಸು ದೊಡ್ಡದು. ಅದರ ನೆತ್ತಿಯ ಮೇಲೆ ಗೇರುಗಳ ಗುರುತು ಕೊರೆದಿದೆ, ಅಪ್ಪನ ಅಂಗೈ ತಿಕ್ಕಿ ತಿಕ್ಕಿ ಅರ್ಧ ಸವೆದಿದೆ. ಹದಿನೇಳು ವರ್ಷ ನಾನು ಅದನ್ನು ಮುಟ್ಟಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟವರು ನಮ್ಮ ಓಣಿಯ ಮೇಸ್ತ್ರಿ...

ಹೊಸಪೇಟೆಯ ನಮ್ಮ ಓಣಿಯ ತುದಿಯಲ್ಲಿ, ಬೇವಿನ ಮರದ ಕೆಳಗೆ ಅವರ ತಗಡಿನ ಗ್ಯಾರೇಜು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಗಾಡಿಯ ಮೇಲೆ ಎಂದೂ ರೇಗಿದವರಲ್ಲ, ಗಾಡಿಯ ಮಾಲೀಕರ ಮೇಲೆ ರೇಗುತ್ತಿದ್ದರು. ಬೋನೆಟ್ ತೆಗೆದ ಗಾಡಿಯ ಮುಂದೆ ಯಾರಾದರೂ ‘ಡಬ್ಬಾ ಗಾಡಿ’ ಎಂದರೆ ಮುಗಿಯಿತು, ಹಾಗೆಂದವರ ಕೆಲಸ ಎರಡು ದಿನ ಹಿಂದಕ್ಕೆ ಹೋಗುತ್ತಿತ್ತು.

ನನ್ನಪ್ಪನದು ಹಿಂದೆ ತೊಟ್ಟಿ ಇದ್ದ ಹಳೆಯ ಪಿಕಪ್ ಜೀಪು. ಕಮಲಾಪುರದ ತೋಟಗಳಿಂದ ಸುಗಂಧಿ ಬಾಳೆಗೊನೆ ಹೇರಿಕೊಂಡು ಸಂಡೂರಿಗೆ, ಅಲ್ಲಿಂದ ದೋಣಿಮಲೈ ಕ್ವಾರ್ಟರ್ಸಿಗೆ ಹಾಕಿ ಬರುವುದು ಅವನ ಕೆಲಸ. ಮೂವತ್ತು ವರ್ಷ ಅದೇ ಗಾಡಿ, ಅದೇ ಘಾಟಿನ ರಸ್ತೆ. ಒಂದು ಬೇಸಿಗೆಯಲ್ಲಿ ಅದರ ಪೆಟ್ರೋಲ್ ಇಂಜಿನ್ ಸೀಳು ಬಿಟ್ಟಿತು. ಬಿಡಿಭಾಗ ಸಿಗುವ ಕಾಲ ಎಂದೋ ಮುಗಿದಿತ್ತು. ಗುಜರಿಗೆ ಹಾಕು ಎಂದು ದೊಡ್ಡಪ್ಪ ಸಹಿತ ಎಲ್ಲರೂ ಹೇಳಿದರು. ಅಪ್ಪ ಗಾಡಿಗೆ ಒರಗಿ ನಿಂತುಬಿಟ್ಟಿದ್ದ. ಮೇಸ್ತ್ರಿ ಬಂದು ಚಾಸಿಯನ್ನು ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿದರು.

“ಮೈ ಗಟ್ಟಿ ಐತ್ರಿ, ಎದಿ ಅಷ್ಟ ಹೋಗೇತಿ. ಎದಿ ಬದಲಸೋಣು,” ಎಂದರು.

ತೋರಣಗಲ್ಲು ರಸ್ತೆಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಬಿದ್ದಿದ್ದ ಹೊಸ ಜೀಪೊಂದರ ಡೀಸೆಲ್ ಇಂಜಿನ್ನು, ಐದು ಗೇರಿನ ಬಾಕ್ಸು ತಂದರು. ಮುಂದಿನದೆಲ್ಲ ನಾನು ಕಣ್ಣಾರೆ ನೋಡಿದ್ದು. ಆಗ ನನಗೆ ಇಪ್ಪತ್ತಮೂರು, ಕೆಲಸ ಹುಡುಕುತ್ತಾ ಮನೆಯಲ್ಲಿದ್ದೆ. ಇಂಜಿನ್ ಕೂರಲು ಚಾಸಿಗೆ ಹೊಸ ಕಟ್ಟೆಗಳನ್ನು ವೆಲ್ಡ್ ಮಾಡಿದರು. ಹೊಸ ಬಾಕ್ಸು ಉದ್ದ, ಆದ್ದರಿಂದ ಹಿಂದಿನ ಗಾಲಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಿದರು. ಇಂಜಿನ್ನಿಗೆ ಬಲ ಬಂದರೆ ಬ್ರೇಕಿಗೂ ಬರಬೇಕು ಎಂದು ನಾಲ್ಕೂ ಗಾಲಿಯ ಬ್ರೇಕ್ ಬದಲಿಸಿದರು. ಒಂದು ಬೋಲ್ಟನ್ನೂ ಅರ್ಧ ಮನಸ್ಸಿನಿಂದ ತಿರುಗಿಸಿದ್ದನ್ನು ನಾನು ಕಾಣಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಬರೆಯಲೇಬೇಕಾದವಳು ನಾನೇ.

ಇಪ್ಪತ್ತು ದಿನಕ್ಕೆ ಗಾಡಿ ಎದ್ದಿತು. ಆದರೆ ಚಾವಿ ಅಪ್ಪನ ಕೈಗೆ ಬರಲಿಲ್ಲ. ಗೇರ್ ಬಾಕ್ಸ್ ಬದಲಿಸಿದ ಗಾಡಿಯನ್ನು ಮೇಸ್ತ್ರಿ ಹಾಗೆಲ್ಲ ಬಿಟ್ಟುಕೊಡುತ್ತಿರಲಿಲ್ಲ. ಮಾಲೀಕನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಮ್ಮ ಹೆಗಲ ಮೇಲಿನ ಕೆಂಪು ಚೌಕಳಿ ಟವೆಲಿನಿಂದ ಕಣ್ಣು ಕಟ್ಟಿ, ಪಕ್ಕದಲ್ಲಿ ತಾವು ಕುಳಿತು ಗೇರಿನ ಅಂಕಿ ಕೂಗುತ್ತಿದ್ದರು. ಎರಡು. ನಾಕು. ಒಂದು. ಮೂರು... ಇಂಜಿನ್ ಚಾಲೂ ಇಲ್ಲ, ಬರೀ ಕೈ ಓಡಬೇಕು. ಹಳೆಯ ಬಾಕ್ಸಿನಲ್ಲಿ ಇದ್ದದ್ದೇ ಮೂರು ಗೇರು. ಅದರಲ್ಲಿ ಎರಡನೆಯದು ಬಲಕ್ಕೆ, ಮೇಲೆ. ಹೊಸದರಲ್ಲಿ ಅದೇ ಜಾಗದಲ್ಲಿ ಕೂತಿದ್ದು ಐದನೆಯದು. ಎರಡು ಎಂದಾಗಲೆಲ್ಲ ಅಪ್ಪನ ಕೈ ಹೋಗಿ ಐದರಲ್ಲಿ ಬೀಳುತ್ತಿತ್ತು. ಘಾಟು ಇಳಿಯುವಾಗ ಎರಡರಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಐದರಲ್ಲಿ ಬಿಟ್ಟುಬಿಡುತ್ತದೆ. ಹನ್ನೊಂದು ದಿನ ಈ ಪಾಠ ನಡೆಯಿತು. ಓಣಿಯವರು ನಕ್ಕರು. ಈ ವಯಸ್ಸಿನಲ್ಲಿ ಕಣ್ಣಾಮುಚ್ಚಾಲೆಯೇ ಎಂದು ಅವ್ವನೂ ಛೇಡಿಸಿದಳು. ಹನ್ನೆರಡನೆಯ ದಿನ ಅಪ್ಪ ಒಂದೂ ತಪ್ಪಲಿಲ್ಲ. ಚಾವಿ ಸಿಕ್ಕಿತು.

ಹೊಸ ರಾಡಿನ ತಲೆಗೆ ಮೇಸ್ತ್ರಿ ಕರಿ ಪ್ಲಾಸ್ಟಿಕ್ಕಿನ ಹಿಡಿ ಹಾಕಿದ್ದರು. ಅಪ್ಪನಿಗೆ ಅದೊಂದು ಮಾತ್ರ ಒಗ್ಗಲಿಲ್ಲ. ಹಳೆಯ ಹಿತ್ತಾಳೆ ಗುಂಡು ಅವನು ಮದುವೆಯಾದ ವರ್ಷ ಮಾಡಿಸಿದ್ದಂತೆ. ಅದನ್ನೇ ಹಾಕಿಕೊಡಿ ಎಂದು ಮೇಸ್ತ್ರಿಯನ್ನು ನಾನೇ ಹೋಗಿ ಕೇಳಿದೆ. ಅವರು ರೇಗಲಿಲ್ಲ, ಅದೇ ನನಗೆ ಆಶ್ಚರ್ಯ.

“ಬ್ಯಾಡವ್ವ. ಇಂಜಿನ್ನು ಇಪ್ಪತ್ತು ದಿನದಾಗ ಬದಲಾತು, ಕೈ ಬದಲಾಗಾಕ ವರ್ಷ ಬೇಕು. ಹಳೇ ಗುಂಡು ಸಿಕ್ಕರ ನಿಮ್ಮಪ್ಪನ ಕೈ ಹಳೇ ದಾರಿನ ಹಿಡಿತೈತಿ.”

ನಾನು ಓದಿದವಳು. ಗುಂಡಿಗೂ ಗೇರಿಗೂ ಏನು ಸಂಬಂಧ, ಮುದುಕರ ಮೂಢನಂಬಿಕೆ ಎಂದುಕೊಂಡೆ. ಮನೆಯಲ್ಲಿದ್ದ ಹಳೆಯ ಗುಂಡಿನ ಒಳಗಿನ ತಿರುಪು ಹೊಸ ರಾಡಿಗೆ ಕೂರುತ್ತಿರಲಿಲ್ಲ. ಸ್ಟೇಷನ್ ರಸ್ತೆಯ ಲೇತ್ ಅಂಗಡಿಗೆ ಒಯ್ದು ಒಳಗೆ ಹೊಸ ರಾಡಿನ ಅಳತೆಯ ಬುಷ್ ಹಾಕಿಸಿಕೊಂಡು ಬಂದೆ. ಆಯುಧ ಪೂಜೆಯ ಬೆಳಿಗ್ಗೆ, ಅಪ್ಪ ಸ್ನಾನಕ್ಕೆ ಹೋದಾಗ, ಕರಿ ಹಿಡಿ ಬಿಚ್ಚಿ ಹಿತ್ತಾಳೆ ಗುಂಡನ್ನು ತಿರುಗಿಸಿ ಕೂರಿಸಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯುವಂತೆ ಮಾಡಿದ್ದೆ. ಅಪ್ಪ ಬಂದು ಅದರ ಮೇಲೆ ಅಂಗೈ ಇಟ್ಟ.

“ಈಗ ನೋಡವ್ವ, ನನ್ನ ಗಾಡಿ ಅನಸ್ತೈತಿ,” ಎಂದ.

ನಾನು ಹಿಗ್ಗಿ ಹೀರೇಕಾಯಿಯಾದೆ. ಆ ಹಿಗ್ಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಾಲ್ಕನೆಯ ದಿನ, ತುಂಬಿದ ಬಾಳೆಯ ಹೇರು. ಸಂಡೂರಿನ ಘಾಟಿನ ಇಳಿಜಾರು, ಎದುರಿಗೆ ಅದಿರಿನ ಲಾರಿ. ಅಪ್ಪನ ಕೈ ಎರಡನೇ ಗೇರು ಹುಡುಕಿತು... ಗಾಡಿಯನ್ನು ಕಮರಿಯಿಂದ ಎತ್ತಿದಾಗ ರಾಡು ಐದರಲ್ಲಿತ್ತು. ಅಪ್ಪ ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಊರಿಗೆ ಕಾರಣ ತಕ್ಷಣ ಸಿಕ್ಕಿತು. ಹಳೆಯ ಮೈಗೆ ಹೊಸ ಇಂಜಿನ್ ಕಟ್ಟಿದ್ದಾರೆ, ಗೇರು ಐದರಲ್ಲಿ ಸಿಕ್ಕಿಕೊಂಡಿದೆ, ಮೇಸ್ತ್ರಿಯ ಕೈಯೇ ಕೊಂದಿತು. ದೊಡ್ಡಪ್ಪ ಗ್ಯಾರೇಜಿನ ಮುಂದೆ ನಿಂತು ಮಣ್ಣು ತೂರಿದರು. ಅಷ್ಟು ಕೋಪದ ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದನ್ನು ನಾನು ನಮ್ಮ ಕಿಟಕಿಯಿಂದ ನೋಡಿದೆ.

ತಿಥಿಯ ಮರುದಿನ ಅವರು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ನಜ್ಜುಗುಜ್ಜಾದ ಗಾಡಿಯನ್ನು ನೋಡಲು ಹೋಗಿದ್ದರಂತೆ. ವೇಸ್ಟಿನಲ್ಲಿ ಸುತ್ತಿದ್ದನ್ನು ನನ್ನ ಕೈಗಿಟ್ಟರು. ಬಿಚ್ಚದೆಯೇ, ಭಾರದಿಂದಲೇ ನನಗೆ ಗೊತ್ತಾಯಿತು.

“ಒಳಗ ಇಡವ್ವ. ನಿಮ್ಮವ್ವಗ ತೋರಸಬ್ಯಾಡ. ಗಂಡನ ಕಳಕೊಂಡಾಳ, ಮಗಳನೂ ಕಳಕೊಳ್ಳೋದು ಬ್ಯಾಡ.”

ಅಷ್ಟೇ ಹೇಳಿ ಹೋದರು. ನಾನು ಟ್ರಂಕಿನ ತಳದಲ್ಲಿ ಇಟ್ಟೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಮೌನ ಒಬ್ಬ ಮನುಷ್ಯನ ಅನ್ನ ಕಿತ್ತಿತು.

ಗ್ಯಾರೇಜಿಗೆ ಗಾಡಿಗಳು ಬರುವುದು ನಿಂತಿತು. ವರ್ಷದೊಳಗೆ ತಗಡು ಬಿಚ್ಚಿದರು. ಅಷ್ಟರಲ್ಲಿ ನನಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಆಫೀಸ್ ಕೆಲಸ ಸಿಕ್ಕಿತ್ತು. ಒಂದು ದಿನ ಬೆಳಗಿನ ಶಿಫ್ಟ್ ಬಸ್ ಹತ್ತಿದರೆ ಮೂರನೇ ಸೀಟಿನಲ್ಲಿ ಮೇಸ್ತ್ರಿ. ಅದೇ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಲಾರಿ ತೊಳೆಯುವ ಕೆಲಸಕ್ಕೆ ಸೇರಿದ್ದರು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವರು! ಪಕ್ಕದ ಸೀಟಿನ ಮೇಲೆ ಆ ಕೆಂಪು ಚೌಕಳಿ ಟವೆಲ್ ಹಾಸಿತ್ತು. ನನ್ನನ್ನು ಕಂಡು ಅದನ್ನು ತೆಗೆದು, “ಕುಂದ್ರವ್ವ” ಎಂದರು. ನಾನು ಕೇಳಿಸದವಳಂತೆ ಹಿಂದೆ ಹೋಗಿ ಕುಳಿತೆ. ಮರುದಿನವೂ ಟವೆಲ್ ಇತ್ತು. ಆರು ವರ್ಷ ನಾನು ಆ ಬಸ್ಸಿನಲ್ಲಿ ಓಡಾಡಿದೆ. ‘ಕುಂದ್ರವ್ವ’ ಎನ್ನುವುದು ನಿಂತರೂ ಟವೆಲ್ ಹಾಸುವುದು ನಿಲ್ಲಲಿಲ್ಲ. ನಾನು ದಿನವೂ ಅದನ್ನು ದಾಟಿಕೊಂಡು ಹೋದೆ. ಅವ್ವನಿಗಾಗಿ ಸುಮ್ಮನಿದ್ದೇನೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮೊದಲೆರಡು ವರ್ಷ ಅದು ನಿಜವಿದ್ದೀತು. ಆಮೇಲಿನದು ಬರೀ ಹೇಡಿತನ.

ಮೇಸ್ತ್ರಿ ತೀರಿಕೊಂಡು ನಾಲ್ಕು ವರ್ಷ. ಅವ್ವ ಹೋಗಿ ಒಂದು ವರ್ಷ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರಿಗೇ. ಟ್ರಂಕು ತೆರೆದ ಮರುದಿನ ಗುಂಡನ್ನು ತೆಗೆದುಕೊಂಡು, ಕಾಲುವೆ ದಂಡೆಯ ಎರಡು ಕೋಣೆಯ ಮನೆಗೆ, ಅವರ ಹೆಂಡತಿಯ ಬಳಿ ಹೋದೆ. ಮುಂದೆ ಇಟ್ಟು ಎಲ್ಲ ಹೇಳಿದೆ. ಲೇತ್ ಅಂಗಡಿ, ಹುಣಸೆಹಣ್ಣು, ಕಿಟಕಿ, ಯಾವುದನ್ನೂ ಬಿಡಲಿಲ್ಲ. ಅವರು ಅಳಲಿಲ್ಲ. ನೂಲಿನ ವೇಸ್ಟನ್ನು ಎತ್ತಿ ಒಮ್ಮೆ ಮೂಸಿ ನೋಡಿದರು.

“ನಮಗ ಗೊತ್ತಿತ್ತವ್ವ,” ಎಂದರು. “ಊರಿಗೆ ಹೇಳ್ರಿ ಅಂತ ಭಾಳ ಬಡಕೊಂಡೆ. ಆಕಿನ ಹೇಳ್ಲಿ, ನಾ ಹೇಳಿದ್ರ ತಪ್ಪನ್ನ ಹೆಣದ ಮ್ಯಾಲ ಹಾಕಿದಂಗ ಆಕ್ಕೈತಿ ಅಂದ್ರು. ದಿನಾ ಬಸ್ಸಿನಾಗ ಬಾಜೂ ಸೀಟಿಗೆ ಟವೆಲ್ ಹಾಕಿ ಇಟ್ಟಿರತಿದ್ರು. ಇವತ್ತ ಬಂದು ಕುಂತು ಹೇಳ್ತಾಳ ಅಂತ.”

ಬಾಗಿಲ ಹಿಂದಿನ ಮೊಳೆಗೆ ಆ ಟವೆಲ್ ಇನ್ನೂ ನೇತಾಡುತ್ತಿತ್ತು. ಒಗೆದು ಒಗೆದು ಚೌಕಳಿ ಮಾಸಿತ್ತು. ನನಗೆ ಕೂರಲು ಅವರು ಅದನ್ನೇ ನೆಲದ ಮೇಲೆ ಹಾಸಿದರು. ನಾನು ನಿಂತೇ ಇದ್ದೆ.