ಅಕ್ಕನ ಇಡ್ಲಿ ಪಾತ್ರೆ

ಅಹಮದಾಬಾದಿನ ಬೋಡಕ್‌ದೇವ್‌ ಬಡಾವಣೆಯ ನಮ್ಮ ಫ್ಲ್ಯಾಟಿನ ಕೆಳಗೆ ಇವತ್ತು ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಡ್ರಮ್ಮಿನಲ್ಲಿ ಕುದಿಯುವ ಆ ವಾಸನೆ ಮೇಲೇರಿ ಬಂದು ಅಡುಗೆಮನೆಯಲ್ಲೇ ಕೂತುಬಿಟ್ಟಿದೆ. ನನಗೆ ನೆನಪಾದದ್ದು ಮಾತ್ರ ಇಡ್ಲಿ.

ಅರವತ್ತರ ದಶಕದಲ್ಲಿ, ಮದುವೆಯಾದ ಹೊಸತರಲ್ಲೇ, ಗಂಡನಿಗೆ ಬ್ಯಾಂಕಿನಿಂದ ವರ್ಗವಾಗಿ ಬರೋಡಕ್ಕೆ ಬಂದೆವು. ಪಕ್ಕದ ಮನೆಯಲ್ಲಿ ತುಮಕೂರು ಕಡೆಯ ದಂಪತಿ. ಆಕೆಯನ್ನು ಅಕ್ಕ ಎಂದೆ, ಆಕೆಯ ಗಂಡನನ್ನು ಭಾವ ಎಂದೆ. ಭಾವ ಎಣ್ಣೆ ಬಾವಿಗಳ ಕಚೇರಿಯಲ್ಲಿ ಎಂಜಿನಿಯರ್. ಅಕ್ಕನ ಹತ್ತಿರ ತವರಿನ ಹಿತ್ತಾಳೆಯ ಇಡ್ಲಿ ಪಾತ್ರೆಯೊಂದಿತ್ತು. ಅವಳ ಅಮ್ಮ ಬಳಸಿದ್ದು. ಆ ಅಮ್ಮ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ನಾವು ಕನ್ನಡದವರೆಲ್ಲ ಅವಳ ಮನೆಗೇ. ಮುಚ್ಚಳ ತೆಗೆದಾಗ ಹಬೆಗೆ ಮುಖವೊಡ್ಡಿ, "ನಮ್ಮಮ್ಮನ ಅಡುಗೆಮನೆ ವಾಸನೆ ಕಣೇ," ಎನ್ನುತ್ತಿದ್ದಳು.

ಆಗ ಅಹಮದಾಬಾದಿನ ಉತ್ತರಕ್ಕೆ ಕೊರೆದ ಕೆಲವು ಬಾವಿಗಳಲ್ಲಿ ಎಣ್ಣೆ ಸಿಕ್ಕರೂ ಮೇಲೆ ಬರುತ್ತಿರಲಿಲ್ಲವಂತೆ. ಆರಿದ ಬೆಲ್ಲದ ಪಾಕದಷ್ಟು ಮಂದ. ಬಾವಿಯೊಳಕ್ಕೆ ಕುದಿಹಬೆ ನುಗ್ಗಿಸಿದರೆ ತೆಳುವಾಗಿ ಹರಿಯುತ್ತದೆ ಎಂಬುದು ಭಾವನ ವಾದ. ಮೇಲಿನವರು ನಂಬಲಿಲ್ಲ. ಒಂದು ದಿನ ಅಕ್ಕ ನಮ್ಮ ಮನೆಯಲ್ಲಿ ಹಪ್ಪಳ ಒತ್ತುತ್ತಿದ್ದಾಗ, ಭಾವ ಹೇಳದೆ ಕೇಳದೆ ಆ ಪಾತ್ರೆಯನ್ನು ಚೀಲಕ್ಕೆ ಹಾಕಿಕೊಂಡು ಅಹಮದಾಬಾದಿಗೆ ಹೋದರು. ಹಿಟ್ಟು ಹುಯ್ಯುವ ಗುಳಿಗಳಿಗೇ ಕಚ್ಚಾ ಎಣ್ಣೆ ತುಂಬಿ, ಸಾಹೇಬರ ಮುಂದೆ ಸ್ಟೌ ಹಚ್ಚಿ ಹಬೆಯಲ್ಲಿ ಬೇಯಿಸಿದರು. ತಟ್ಟೆ ಬಗ್ಗಿಸಿದರೆ ಸರಾಗವಾಗಿ ಸುರಿಯಿತಂತೆ. ಸಾಹೇಬರು ಬೆನ್ನು ತಟ್ಟಿದರಂತೆ.

ಡಾಂಬರಿನಂಥದೇ ನಾತ ಹೊತ್ತು ಮರಳಿದ ಪಾತ್ರೆಯನ್ನು ಅಕ್ಕ ಹುಣಸೆಹಣ್ಣು, ಬೂದಿ, ಸೀಗೆಪುಡಿ ಎಲ್ಲ ಹಾಕಿ ಬೆರಳು ಒಡೆಯುವಷ್ಟು ತಿಕ್ಕಿದಳು. ಹೊಸದಾಗಿ ಕಲಾಯಿ ಹಾಕಿಸಿದಳು. ಹಟ ಹಿಡಿದು ಮುಂದಿನ ಭಾನುವಾರ ಇಡ್ಲಿ ಮಾಡಿಯೇ ಮಾಡಿದಳು. ಬಾಯಿಗಿಟ್ಟವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಎದ್ದುಹೋಗಿ ಉಗಿದು ಬಂದರು.

"ಪೆಟ್ರೋಲ್ ಬಂಕ್ ಇಡ್ಲಿ ಕಣ್ರೀ!" ಎಂದು ಮೊದಲು ನಕ್ಕದ್ದು ಭಾವನೇ.

"ಒಂದು ಮಾತು ಕೇಳಿದ್ದಿದ್ರೆ ನಾನೇ ಬೇರೆ ಪಾತ್ರೆ ಕೊಡ್ತಿದ್ದೆ," ಎಂದಳು ಅಕ್ಕ.

"ಹೋಗ್ಲಿ ಬಿಡೇ, ಅಂಥವು ಹತ್ತು ತಂದುಕೊಡ್ತೀನಿ."

ತಂದರು, ಅಲ್ಯೂಮಿನಿಯಂನದು. ಅಕ್ಕ ಅದನ್ನು ಒಂದು ದಿನವೂ ಒಲೆಯ ಮೇಲಿಡಲಿಲ್ಲ. ನಮ್ಮ ಭಾನುವಾರಗಳು ನಿಂತುಹೋದವು. ಭಾವನಿಗೆ ಬಡ್ತಿ ಬಂತು. ಆ ಬಾವಿಗಳೊಳಗೆ ಹಬೆ ಹೋಯಿತೋ ಇಲ್ಲವೋ ನಾನು ಕೇಳಲೂ ಇಲ್ಲ. ಅಕ್ಕ ಮಾತ್ರ ಎಷ್ಟೋ ಸಲ, ಯಾರೂ ನೋಡುತ್ತಿಲ್ಲವೆಂದುಕೊಂಡು, ಹಳೆಯ ಪಾತ್ರೆಯ ಮುಚ್ಚಳ ತೆಗೆದು ಮೂಸುತ್ತಿದ್ದಳು... ಅಮ್ಮನ ವಾಸನೆ ಮರಳಿ ಬಂದಿದೆಯೇನೋ ಎಂದು.

ಅಕ್ಕ ಹೋಗಿ ಎಷ್ಟೋ ವರ್ಷವಾಯಿತು. ವೈಕುಂಠ ಸಮಾರಾಧನೆಯ ದಿನ ಭಾವ ಬಂದವರಿಗೆಲ್ಲ ಈ ಕಥೆಯನ್ನೇ ಹೇಳಿದರು. "ನನ್ನ ಏಳಿಗೆಗಾಗಿ ಅವಳು ಮಾಡಿದ ತ್ಯಾಗ," ಅಂದರು. ಎಲೆಯ ಮುಂದೆ ಕೂತವರು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಕಿತ್ತುಕೊಂಡದ್ದಕ್ಕೂ ತ್ಯಾಗವೆಂದು ಹೆಸರೇ?

"ಆ ಪಾತ್ರೆ ನನಗೆ ಕೊಡಿ ಭಾವ," ಎಂದೆ.

"ಅಯ್ಯೋ, ಅವಳು ಆಸ್ಪತ್ರೆ ಸೇರಿದ ವಾರವೇ ಗುಜರಿಗೆ ಹಾಕಿಬಿಟ್ಟೆ ಕಣಮ್ಮ. ವಾಸನೆ ಬರ್ತಿತ್ತು."

ಆಗಲೂ ಅವಳನ್ನೊಂದು ಮಾತು ಕೇಳಿರಲಿಲ್ಲ...

"ಅಜ್ಜಿ, ಖಿಡ್ಕಿ ಬಂದ್ ಮಾಡು, ಸ್ಮೆಲ್ ಬರ್ತಾ ಇದೆ," ಎಂದು ಮೊಮ್ಮಗಳು ಒಳಗಿನಿಂದ ಕೂಗುತ್ತಿದ್ದಾಳೆ. ನಾನು ಕಿಟಕಿ ಮುಚ್ಚಲಿಲ್ಲ. ಅಕ್ಕನದೆಂದು ನನ್ನ ಪಾಲಿಗೆ ಉಳಿದಿರುವುದು ಈ ನಾತವೊಂದೇ.