ಮನೆಯಲ್ಲೇ ಕೂರಿಸಿದ ಭುಜ

ನನ್ನ ಬಲ ಭುಜ ಮೊದಲ ಸಲ ಜಾರಿದ್ದು ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಸೊಸೈಟಿ ಗೇಟಿನೆದುರು. ಶೇರ್ ಆಟೊದ ಸರಳು ಹಿಡಿದು ಹತ್ತುವಷ್ಟರಲ್ಲಿ ಡ್ರೈವರ್ ಭಯ್ಯಾ ಗಾಡಿ ಬಿಟ್ಟಿದ್ದ. ಆಸ್ಪತ್ರೆಗೆ ಹೋಗೋಣ ಎಂದರೆ ನನ್ನ ಗಂಡ ಕೇಳಬೇಕಲ್ಲ! ಸೇನೆಯಲ್ಲಿದ್ದವರು. ಗಡಿಯಲ್ಲಿ ಜವಾನರ ಭುಜವನ್ನು ಹೀಗೇ ಕೂರಿಸುತ್ತಿದ್ದೆವು ಎಂದು ನನ್ನನ್ನು ಮನೆಯ ನೆಲದ ಮೇಲೆ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆದರು. ಕಟಕ್ಕೆಂದು ಕೂತಿತು. ನನ್ನ ಜೀವ ಬಾಯಿಗೆ ಬಂದಿತ್ತು. ಅವರು ಚಹಾ ಕೇಳಿದರು.

ಆಮೇಲೆ ಅದೇ ರೂಢಿಯಾಯಿತು. ಕುಕ್ಕರ್ ಇಳಿಸುವಾಗ, ಬಟ್ಟೆ ಒಣಹಾಕುವಾಗ, ಕೊನೆಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಜಾರುತ್ತಿತ್ತು. ಕೊಡಗಿನ ನೆಂಟರು ಬಂದಾಗ ಇದೇ ದೊಡ್ಡ ಕಥೆ. ಫೌಜಿನವರ ಮನೆಯ ಹೆಣ್ಣು ಇಷ್ಟಕ್ಕೆಲ್ಲ ಆಸ್ಪತ್ರೆ ಮೆಟ್ಟಿಲು ಹತ್ತುವುದುಂಟೇ ಎಂದು ಎಲ್ಲರೂ ತಲೆದೂಗುವವರು.

ಕೈ ಮೇಲೆತ್ತಲೇ ಆಗದೆ ಹೋದಾಗ ಮಗಳು ಹಠ ಹಿಡಿದು ಡಾಕ್ಟರ ಬಳಿಗೆ ಕರೆದೊಯ್ದಳು. ಅವರು ಸ್ಕ್ಯಾನ್ ನೋಡಿ, "ಅಚ್ಛಾ, ಇಷ್ಟು ದಿನ ಕೂರಿಸುತ್ತಿದ್ದವರು ಯಾರು?" ಎಂದರು.

"ನಾನೇ," ಎಂದರು ನನ್ನ ಗಂಡ, ಎದೆಯುಬ್ಬಿಸಿ.

ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಗುಂಡಗಿರಬೇಕಾದ ಮೂಳೆಯ ತಲೆ ಇಲಿ ಕಡಿದ ಕೊಬ್ಬರಿಯಂತಿತ್ತು. ಜಾರಿದಾಗಲೂ ಬಲವಂತವಾಗಿ ಎಳೆದಾಗಲೂ ಸವೆದಿದೆ, ಮೊದಲೇ ಬಂದಿದ್ದರೆ ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತಿತ್ತು, ಈಗ ಕೀಲನ್ನೇ ತೆಗೆದು ಲೋಹದ್ದು ಹಾಕಬೇಕು, ಆಮೇಲೂ ಕೈ ಬೆನ್ನ ಹಿಂದೆ ಹೋಗುವ ಭರವಸೆಯಿಲ್ಲ ಎಂದರು. ನನ್ನ ಮೂಳೆ ನನ್ನ ಮನೆಯ ನೆಲದ ಮೇಲೇ ಪುಡಿಯಾಗಿತ್ತು, ನಾನು ಎದ್ದು ಚಹಾ ಮಾಡಿಕೊಟ್ಟಿದ್ದೆ!

"ಪಪ್ಪಾ, ಯೇ ಕ್ಯಾ ಕರ್ ದಿಯಾ, ಏನು ಮಾಡಿಬಿಟ್ಟಿರಿ?" ಎಂದಳು ಮಗಳು. ಗಂಡ ಪರದೆಯನ್ನೇ ನೋಡುತ್ತಿದ್ದರು.

ಆಪರೇಷನ್ ಆಯಿತು. ಕೈ ಮೇಲೇಳುತ್ತದೆ, ಕುಕ್ಕರ್ ಇಳಿಸುತ್ತೇನೆ. ಮೊನ್ನೆ ದೆಹಲಿಯ ಕೊಡಗಿನವರೆಲ್ಲ ಸೇರುವ ಹುತ್ತರಿ ಕೂಟಕ್ಕೆ ಹೊರಟಾಗ ಡಾಕ್ಟರ ಇನ್ನೊಂದು ಮಾತೂ ನಿಜವಾಯಿತು. ನಮ್ಮ ಕಡೆ ಸೀರೆಯ ನೆರಿಗೆ ಸಿಕ್ಕಿಸುವುದು ಬೆನ್ನ ಹಿಂದೆ; ನನ್ನ ಕೈ ಸೊಂಟದ ಪಕ್ಕದಲ್ಲೇ ನಿಂತುಬಿಟ್ಟಿತು. ಗಂಡ ಬಂದು ಹೇಗೋ ನೆರಿಗೆ ಸಿಕ್ಕಿಸಿದರು. ಸೆರಗನ್ನು ಬಲ ಭುಜಕ್ಕೆ ತಂದು ಪಿನ್ ಹಾಕಲು ಹೋದವರು ನಡುವೆಯೇ ಕೈ ತಡೆದರು.

"ನೋವಾಗ್ತಿದೆಯಾ?" ಎಂದರು.

ಪಿನ್ ಇನ್ನೂ ತಾಗಿಯೇ ಇರಲಿಲ್ಲ. ಇಷ್ಟು ವರ್ಷ ಎಳೆಯುವಾಗ ಒಮ್ಮೆಯೂ ಅವರು ಕೇಳದ ಪ್ರಶ್ನೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಆಗ್ತಿತ್ತು," ಎಂದೆ. "ಪ್ರತಿ ಸಲವೂ."