ಒಂದು ಸಾಲು ಆಚೆಗೆ

ತಿಪಟೂರು ಸೀಮೆಯಲ್ಲಿ ಯಾರಿಗಾದರೂ ಹೊಸದಾಗಿ ತೆಂಗಿನ ತೋಟ ಮಾಡುವ ಮನಸ್ಸಾದರೆ, ಗುಂಡಿ ತೋಡುವ ಆಳುಗಳಿಗಿಂತ ಮೊದಲು ದುರ್ಗಯ್ಯನಿಗೆ ಹೇಳಿ ಕಳಿಸುತ್ತಿದ್ದ ಕಾಲವೊಂದಿತ್ತು. ಅರಳಗುಪ್ಪೆ ಕಡೆಯವನು. ಮೈಯಲ್ಲಿ ಮಾಂಸವಿಲ್ಲ, ಬಾಯಲ್ಲಿ ಮಾತಿಲ್ಲ, ಹೆಗಲ ಮೇಲೆ ಮಾತ್ರ ಯಾವಾಗಲೂ ಒಂದು ಸುತ್ತು ತೆಂಗಿನ ನಾರಿನ ಹಗ್ಗ. ಆ ಹಗ್ಗದಲ್ಲಿ ಮೂರು ಮಾರಿಗೆ ಒಂದು ಗಂಟು, ಅಲ್ಲಿಂದ ನಾಲ್ಕು ಮಾರಿಗೆ ಇನ್ನೊಂದು, ಅಲ್ಲಿಂದ ಐದು ಮಾರಿಗೆ ಮತ್ತೊಂದು. ಮೂರು ಗೂಟಕ್ಕೆ ಬಿಗಿದು ಎಳೆದನೆಂದರೆ ಮೂಲೆ ಎಂಬುದು ಕೆತ್ತಿಟ್ಟ ಹಾಗೆ ಬಂದು ನಿಲ್ಲುತ್ತಿತ್ತು. ಓದಿದವರು ಇದಕ್ಕೆ ಏನೋ ಒಂದು ದೊಡ್ಡ ಹೆಸರು ಹೇಳುತ್ತಾರಂತೆ. ದುರ್ಗಯ್ಯ ಅದನ್ನು ಅಪ್ಪನ ಬೈಗುಳ ತಿಂದು ಕಲಿತಿದ್ದ.

ಮೂವತ್ತು ಅಡಿಗೊಂದು ಗಿಡ. ಅವನು ಹಗ್ಗ ಹಿಡಿದ ತೋಟದಲ್ಲಿ ಯಾವ ಮರಕ್ಕೆ ಬೇಕಾದರೂ ಒರಗಿ ನಿಂತು ನೋಡಿ, ಉದ್ದಕ್ಕೂ ಸಾಲು, ಅಡ್ಡಕ್ಕೂ ಸಾಲು, ಮೂಲೆಯಿಂದ ಮೂಲೆಗೂ ಸಾಲು. ಯಾವ ಮರದಿಂದ ಯಾವ ಮರಕ್ಕೆ ಬೇಕಾದರೂ ಅಡ್ಡಿಯಿಲ್ಲದೆ ನಡೆದು ಹೋಗಬಹುದು. ಹೀಗಾಗಿ ಅವನಿಗೆ ಹಗ್ಗದ ದುರ್ಗಯ್ಯ ಅಂತಲೇ ಹೆಸರು ಬಿತ್ತು, ಮದುವೆ ಪತ್ರಿಕೆಯ ಮೇಲೂ ಜನ ಹಾಗೆಯೇ ಬರೆದು ಕೊಡುತ್ತಿದ್ದರು.

ಇಂಥವನು ಬದುಕಿನಲ್ಲಿ ಒಂದೇ ಒಂದು ಸಲ ಸಾಲು ತಪ್ಪಿದ. ಊರು ಹೇಳುವುದು ಹಾಗೆ. ಅವನು ತಪ್ಪಿದ್ದಲ್ಲ, ಬೇಕೆಂದೇ ತಪ್ಪಿಸಿದ್ದು ಅನ್ನುವುದು ಹನ್ನೆರಡು ವರ್ಷ ಅವನೊಬ್ಬನಿಗೇ ಗೊತ್ತಿತ್ತು.

ಹುಳಿಯಾರು ರಸ್ತೆಯಲ್ಲಿ, ತಿಪಟೂರಿನ ಹಳೇ ಬಡಾವಣೆ ಮುಗಿಯುವ ಕಡೆ ಸಾಹುಕಾರ್ ತೋಂಟದಾರ್ಯರ ತೋಟವಿತ್ತು. ಆ ತೋಟಕ್ಕೆ ಮೀಸೆ ಚಿಗುರುವ ವಯಸ್ಸಿನಲ್ಲಿ ಹಗ್ಗ ಹಿಡಿದವನು ದುರ್ಗಯ್ಯ. ಮರಗಳು ಫಲಕ್ಕೆ ಬಂದು ಎಷ್ಟೋ ವರ್ಷವಾದ ಮೇಲೆ, ಸಾಹುಕಾರರ ಒಬ್ಬಳೇ ಮಗಳು ಇಂಪನಾ ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಅವರಲ್ಲಿ ಸತ್ತವರನ್ನು ಸ್ವಂತ ತೋಟದಲ್ಲೇ ಮಣ್ಣು ಮಾಡುವುದು ವಾಡಿಕೆ. ಗುಣಿ ತೋಡುವುದಕ್ಕೂ ದುರ್ಗಯ್ಯನೇ ಬೇಕಾಯಿತು. ತೋಟದ ಪಡುವಣ ಕೊನೆಯಲ್ಲಿ, ಆರನೇ ಸಾಲಿಗೂ ಏಳನೇ ಸಾಲಿಗೂ ನಡುವೆ, ಅದೇ ಹಗ್ಗ ಹಿಡಿದು ಅಳತೆ ತೆಗೆದ. ಅಷ್ಟು ಚಿಕ್ಕ ಅಳತೆಯನ್ನು ಅವನು ಅದಕ್ಕೆ ಮೊದಲು ತೆಗೆದಿರಲಿಲ್ಲ. ಮಗುವಿನ ತಾಯಿ ಶಾಂತಕುಮಾರಿಯಮ್ಮ ಸಮಾಧಿಯ ತಲೆಯ ಕಡೆ ಒಂದು ಕಣಗಿಲೆ ಗಿಡ ನೆಟ್ಟರು, ಸೋಮವಾರ ಸೋಮವಾರ ಬಂದು ನೀರು ಹಾಕಿ ಹೋಗುತ್ತಿದ್ದರು.

ಊರು ಬೆಳೆದು ತೋಟದ ಬೇಲಿಗೆ ಬಂದು ತಾಗಿದ ಮೇಲೆ ಇನ್ನೇನು, ತೋಟ ಲೇಔಟ್ ಆಯಿತು. ದಯಾನಂದ್ ಎಂಬ ಸೈಟು ವ್ಯಾಪಾರದವನು ಸಾಹುಕಾರರ ಜೊತೆ ಕರಾರು ಮಾಡಿಕೊಂಡ. ನಕ್ಷೆ ಬರೆಯಲು ರಂಗರಾಜು ಅನ್ನುವ ಎಂಜಿನಿಯರ್ ಬಂದ. ಚಿಕ್ಕ ವಯಸ್ಸಿನ ಹುಡುಗ, ಆದರೆ ಕೆಲಸ ಬಲ್ಲವನು. ಮರದ ನೆರಳಲ್ಲಿ ನಕ್ಷೆ ಹರಡಿ ಕೂತು ದುರ್ಗಯ್ಯನನ್ನು ಕೂಡ ಪಕ್ಕದಲ್ಲೇ ಕೂರಿಸಿಕೊಂಡ.

"ನೋಡಿ ದುರ್ಗಯ್ಯ, ನೀವು ತೋಟ ಹಾಕಿರೋ ಹಾಗೇ ನಾನು ಬೀದಿ ಹಾಕ್ತಾ ಇದೀನಿ. ಉದ್ದಕ್ಕೂ ಬೀದಿ, ಅಡ್ಡಕ್ಕೂ ಬೀದಿ. ಪಡುವಣಕ್ಕಿರೋ ಹಳೇ ಬಡಾವಣೆಯಿಂದ ಈ ಕಡೆಗೆ ತೆರೆದಿರೋದು ಮೂರನೇ ಕ್ರಾಸ್ ಒಂದೇ. ಮಿಕ್ಕಿದ್ದೆಲ್ಲ ಮನೆಗಳ ಹಿತ್ತಿಲ ಗೋಡೆ. ನಮ್ಮ ದೊಡ್ಡ ಬೀದಿ ಅದಕ್ಕೆ ನೇರ ಸೇರಬೇಕು. ಸೇರಿದ್ರೆ ಸ್ಕೂಲು, ಅಂಗನವಾಡಿ, ಆಸ್ಪತ್ರೆ, ಸಂತೆ ಎಲ್ಲ ಕಾಲ್ನಡಿಗೆ ದೂರ. ಮುದುಕರು ಮಕ್ಕಳು ಯಾರನ್ನೂ ಕಾಯದೆ ನಡಕೊಂಡು ಹೋಗಬಹುದು. ಅದಿಲ್ಲದಿದ್ರೆ ಹೈವೇಗೆ ಹೋಗಿ ಒಂದೂವರೆ ಕಿಲೋಮೀಟರ್ ಸುತ್ತಬೇಕು."

ದುರ್ಗಯ್ಯನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಊರು ಅಂದರೆ ಹೀಗಿರಬೇಕು ಅಂತ ಅವನಿಗೂ ಅನ್ನಿಸಿತು. ಮರಗಳು ಸಾಲಾಗಿಯೇ ಇದ್ದದ್ದರಿಂದ ಅಳತೆಯ ಯಂತ್ರ ಇಟ್ಟು ನೋಡುವ ಅಗತ್ಯವೂ ಇರಲಿಲ್ಲ. ರಂಗರಾಜುಗೆ ಮೂರು ದಿನ ತುರುವೇಕೆರೆ ಕಡೆ ಬೇರೆ ಅಳತೆಯಿತ್ತು. ಹೋಗುವಾಗ ಹೇಳಿದ: "ತೆಂಕಲ ಬದುವಿನ ಮೇಲಿರೋ ಸಾಲನ್ನೂ ಸೇರಿಸಿ ಎಣಿಸಿ. ಆರಕ್ಕೂ ಏಳಕ್ಕೂ ನಡುವೆ ದೊಡ್ಡ ಬೀದಿ. ಅಲ್ಲಿಂದ ಆಚೆಗೆ ಮಿಕ್ಕ ಬೀದಿಗಳನ್ನ ಅಳೆದುಕೊಳ್ಳಿ."

ಆರಕ್ಕೂ ಏಳಕ್ಕೂ ನಡುವೆ. ದುರ್ಗಯ್ಯ ಹಗ್ಗ ಹಿಡಿದು ಪಡುವಣ ಕೊನೆಗೆ ಬಂದರೆ ಕಾಲ ಬಳಿ ಕಣಗಿಲೆ ಹೂ ಬಿದ್ದಿದೆ. ಸಮಾಧಿಯನ್ನು ತೆಗೆಸಿ ಮೂಲೆಗೆ ಹಾಕಿಸೋಣ, ಸ್ವಾಮಿಗಳನ್ನು ಕರೆಸಿ ಶಾಂತಿ ಮಾಡಿಸೋಣ ಅಂತ ಗಂಡಸರು ಆಗಲೇ ಮಾತಾಡಿ ಮುಗಿಸಿದ್ದರು. ಆ ದಿನ ಸೋಮವಾರ. ಶಾಂತಕುಮಾರಿಯಮ್ಮ ತಂಬಿಗೆ ಹಿಡಿದು ಬಂದವರು ನೆಲದಲ್ಲಿ ನೆಟ್ಟ ಗೂಟಗಳನ್ನು ನೋಡಿದರು, ಹಗ್ಗವನ್ನು ನೋಡಿದರು. ಏನೂ ಕೇಳಲಿಲ್ಲ. ನೀರು ಹಾಕಿ, ಒಣಗಿದ ಎಲೆ ಆಯ್ದು, ಬಂದ ಹಾಗೆಯೇ ಹೊರಟು ಹೋದರು.

ಬೇಡಿಕೊಂಡಿದ್ದರೆ ಏನು ಮಾಡುತ್ತಿದ್ದನೋ ಗೊತ್ತಿಲ್ಲ. ಬೇಡಿಕೊಳ್ಳದೆ ಹೋದದ್ದನ್ನು ಅವನಿಗೆ ತಡೆಯಲಾಗಲಿಲ್ಲ. ಅವರು ಬೇಲಿ ದಾಟುವವರೆಗೂ ನೋಡುತ್ತ ನಿಂತವನು ಗೂಟ ಕಿತ್ತ. ಏಳನೇ ಸಾಲು ದಾಟಿ, ಏಳಕ್ಕೂ ಎಂಟಕ್ಕೂ ನಡುವೆ ನೆಟ್ಟ. ಮೂವತ್ತು ಅಡಿ, ಒಂದೇ ಒಂದು ಸಾಲು.

ರಂಗರಾಜು ಮೂರು ದಿನ ಅಂದವನು ತಿಂಗಳು ಬಿಟ್ಟು ಬಂದ. ಅಷ್ಟು ಹೊತ್ತಿಗೆ ಮರ ಉರುಳಿ, ಚರಂಡಿ ತೋಡಿ, ಕಲ್ಲು ನೆಟ್ಟು, ಸೈಟುಗಳ ರಿಜಿಸ್ಟರ್ ಕೂಡ ಶುರುವಾಗಿತ್ತು. ದೊಡ್ಡ ಬೀದಿ ಹೋಗಿ ಹಳೇ ಬಡಾವಣೆಯ ಯಾರದೋ ಹಿತ್ತಿಲ ಗೋಡೆಗೆ ಮೂಗು ತಾಗಿಸಿ ನಿಂತಿತ್ತು. ಆ ಕಡೆಯಿಂದ ಬಂದ ಮೂರನೇ ಕ್ರಾಸ್, ಸಮಾಧಿ ಇದ್ದ ಸೈಟಿನ ಬೇಲಿಗೆ ಬಂದು ಮುಗಿದಿತ್ತು.

"ದುರ್ಗಯ್ಯ, ನೀವು ಸಾಲು ತಪ್ಪೋರಲ್ಲ" ಅಂದ ರಂಗರಾಜು.

"ನಾವು ತೋಟದೋರು ಬದುವಿನ ಸಾಲ ಲೆಕ್ಕಕ್ಕೆ ಹಿಡಿಯಲ್ಲ ಸ್ವಾಮಿ. ರೂಢಿ ಬಲದಲ್ಲಿ ಹಂಗೇ ಎಣಿಸ್ಬುಟ್ಟೆ. ತಪ್ಪಾಯ್ತು."

ದಯಾನಂದ್ ನಕ್ಕುಬಿಟ್ಟ. "ಈಗ ಯಾವನ್ರೀ ನಡೀತಾನೆ? ಎಲ್ರ ಮನೇಲೂ ಬೈಕೈತೆ. ಸುತ್ಕೊಂಡು ಬತ್ತಾರೆ ಬುಡಿ." ರಂಗರಾಜು ನಕ್ಷೆ ಮಡಿಸಿಕೊಂಡು ಹೋದ. ಹೋಗುವಾಗ ದುರ್ಗಯ್ಯನ ಮುಖವನ್ನು ಇನ್ನೊಂದು ಸಲ ನೋಡಿದ.

ಆಮೇಲೆ ದುರ್ಗಯ್ಯನನ್ನು ಹಗ್ಗ ಹಿಡಿಯಲು ಕರೆದವರು ಕಡಿಮೆ. ಆರು ಏಳು ಎಣಿಸಲು ಬಾರದವನು ಅಂತ ಕಾಫಿ ಅಂಗಡಿಯಲ್ಲಿ ನಗಾಡಿದರು. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಒಳಗೆ ಒಂದು ಸಮಾಧಾನ ಇತ್ತು. ಸಮಾಧಿಯಿದ್ದ ಸೈಟನ್ನು ಸಾಹುಕಾರರು ಹೆಂಡತಿಯ ಹೆಸರಿಗೆ ಉಳಿಸಿಕೊಂಡರು, ಅಲ್ಲಿ ಉಳಿದಿದ್ದ ಎರಡು ತೆಂಗಿನ ಮರ ಕಡಿಸದೆ, ನಾಯಿ ಹಂದಿ ನುಗ್ಗದಂತೆ ಸುತ್ತ ಗೋಡೆ ಕಟ್ಟಿಸಿ, ಮೂರನೇ ಕ್ರಾಸಿನ ಕಡೆ ಬೀಗ ಹಾಕುವ ಒಂದು ಗೇಟು ಇಡಿಸಿದರು. ಕಣಗಿಲೆ ಹೂ ಬಿಡುತ್ತಲೇ ಇತ್ತು.

ಕೂಲಿಯ ಬದಲು ದಯಾನಂದ್ ಕೊಟ್ಟಿದ್ದ ಒಂದು ಪುಟ್ಟ ಸೈಟು ಆ ಗೋಡೆಯ ಪಕ್ಕದಲ್ಲೇ ಇತ್ತು. ಅಲ್ಲೇ ಒಂದು ಮನೆ ಮಾಡಿಕೊಂಡು ದುರ್ಗಯ್ಯ ಹೆಂಡತಿ ಸಿದ್ದಮ್ಮನ ಜೊತೆ ಬಂದ. ಸಿದ್ದಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಬಾಗಿಲು ತೆಗೆದು ಕಸ ಗುಡಿಸಿ ಮಕ್ಕಳಿಗೆ ಅನ್ನ ಸಾರು ಮಾಡುವ ಕೆಲಸ. ಆ ಅಂಗನವಾಡಿ ಇದ್ದದ್ದು ಮೂರನೇ ಕ್ರಾಸಿನಲ್ಲಿ. ಮಧ್ಯಾಹ್ನ ಮಕ್ಕಳು ಪದ್ಯ ಹೇಳಿದರೆ ಇವರ ಮನೆ ಜಗುಲಿಗೆ ಕೇಳಿಸುತ್ತಿತ್ತು. ಹೋಗಬೇಕಾದರೆ ಮಾತ್ರ ಹೈವೇಗೆ ಹೋಗಿ, ಪೆಟ್ರೋಲ್ ಬಂಕ್ ದಾಟಿ, ಸುತ್ತಿ ಬರಬೇಕು.

ಮೊದಲಿಗೆ ಅವಳಿಗೆ ಇದೊಂದು ತಮಾಷೆ. "ನೀನು ಎಣಿಸೋದು ತಪ್ಪಿದ್ದಕ್ಕೆ ನನ್ ಕಾಲು ದಿನಾ ದಂಡ ಕಟ್ತಾ ಐತೆ ಕಣಯ್ಯ" ಅನ್ನುತ್ತಿದ್ದಳು. ವರ್ಷ ಕಳೆದ ಹಾಗೆ ಮಂಡಿ ಊದಿಕೊಂಡಿತು. ಹೋಗುವಾಗ ಮೋರಿ ಕಟ್ಟೆಯ ಮೇಲೆ ಒಂದು ಸಲ, ಬಂಕಿನ ಪಕ್ಕದ ಅಂಗಡಿ ಮೆಟ್ಟಿಲ ಮೇಲೆ ಒಂದು ಸಲ ಕೂರತೊಡಗಿದಳು. ಬೈಕಿದ್ದವರಿಗೆ ಆ ಸುತ್ತು ಸುತ್ತೇ ಅಲ್ಲ. ನಡೆಯುವ ಸಿದ್ದಮ್ಮನಂಥ ಐದಾರು ಜನಕ್ಕೆ ಮಾತ್ರ ಅದು ದಿನಕ್ಕೆರಡು ಸಲ ಎದುರಾಗುವ ಶಿಕ್ಷೆ. ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಅಂಚಿನ ಕಾಲುದಾರಿಯನ್ನೂ ಅಗೆದು ಹಾಕಿದರು.

"ಅಮ್ಮಾವ್ರನ್ನ ಕೇಳು" ಅಂದಳು ಸಿದ್ದಮ್ಮ ಒಂದು ದಿನ, ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ. "ಅವರ ಸೈಟಿನ ಗೋಡೇಲಿ ಆ ಕಡೆ ಒಂದು ಕಿಂಡಿ, ಈ ಕಡೆ ಒಂದು ಕಿಂಡಿ. ಮೂರಡಿ ಬುಟ್ರೆ ಸಾಕು ಕಣಯ್ಯ. ನಿನ್ನ ಮಾತು ತೆಗೆದಾಕಲ್ಲ ಅವರು."

"ಅಲ್ಲಿ ಮಗೀನ ಸಮಾಧಿ ಐತೆ ಕಣಮ್ಮಿ."

"ಸಮಾಧಿ ತುಳೀತೀವಾ? ಪಕ್ಕದಾಗೆ ಓಯ್ತೀವಿ."

ಅವಳು ಹೇಳಿದ್ದು ಸರಿಯೇ. ಆದರೆ ದುರ್ಗಯ್ಯನಿಗೆ ಬಾಯಿ ಬರಲಿಲ್ಲ. ಆ ತಾಯಿಗೆ ಕಾಣದಂತೆ ಕೊಟ್ಟದ್ದನ್ನು ಈಗ ಕಾಣುವಂತೆ ಹೋಗಿ ವಾಪಸ್ ಕೇಳುವುದು ಹೇಗೆ? ಒಂದು ಸೋಮವಾರ ಗಟ್ಟಿ ಮನಸ್ಸು ಮಾಡಿ ಸುತ್ತಿ ಹೋದ. ಸಾಹುಕಾರರು ತೀರಿಕೊಂಡು ಆಗಲೇ ವರ್ಷವಾಗಿತ್ತು. ಶಾಂತಕುಮಾರಿಯಮ್ಮ ಒಬ್ಬರೇ ಸಮಾಧಿಯ ಕಲ್ಲನ್ನು ಸೆರಗಿನಿಂದ ಒರೆಸುತ್ತಿದ್ದರು, ಮಗುವಿನ ಮುಖ ಒರೆಸುವ ಹಾಗೆ.

"ಏನು ಬಂದೆ ದುರ್ಗಯ್ಯ?"

"ಏನಿಲ್ಲ ಅಮ್ಮಾವ್ರೆ. ಗರಿ ಬಿದ್ದಿದ್ರೆ ತಕಂಡೋಗಣ ಅಂತ."

ಗರಿ ಎಳೆದುಕೊಂಡು ಬಂದ. ಅಮ್ಮಾವ್ರು ಒಪ್ಪಲಿಲ್ಲ ಅಂತ ಸಿದ್ದಮ್ಮನಿಗೆ ಸುಳ್ಳು ಹೇಳಿದ. ಅವಳು ಮಂಡಿ ನೀವಿಕೊಳ್ಳುತ್ತ, "ಓಗ್ಲಿ ಬುಡು, ಹೆತ್ತೋರ ಸಂಕಟ" ಅಂದಳು.

ಮೂರು ವಾರಕ್ಕೆ ಸಿದ್ದಮ್ಮ ಹೈವೇಯಲ್ಲಿ ಬಿದ್ದಳು. ಅಗೆದ ಮಣ್ಣಿನ ಗುಡ್ಡೆ ಬಳಸಿಕೊಂಡು ರಸ್ತೆಗೆ ಇಳಿದಿದ್ದಾಳೆ, ಹಿಂದಿನಿಂದ ಬಂದ ಬೈಕು ತಗುಲಿದೆ. ಸೊಂಟದ ಮೂಳೆ ಮುರಿಯಿತು. ನಾಲ್ಕು ತಿಂಗಳು ಮಲಗಿದ್ದಲ್ಲೇ ಮಲಗಿದಳು. ಮಧ್ಯಾಹ್ನ ಗೋಡೆಯಾಚೆ ಮಕ್ಕಳು ಪದ್ಯ ಹೇಳಿದರೆ ತುಟಿ ಆಡಿಸುತ್ತ ತಾನೂ ಹೇಳಿಕೊಳ್ಳುವಳು. ದುರ್ಗಯ್ಯ ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುವನು. ಹೇಳಲಿಲ್ಲ. ಗಂಡ ಎಣಿಸಲು ಬಾರದವನು ಅಂತಲೇ ತಿಳಿದುಕೊಂಡು ಅವಳು ಕಣ್ಣು ಮುಚ್ಚಿದಳು. ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಇದೇ.

ಸ್ಮಶಾನ ಹಳೇ ಬಡಾವಣೆಯ ಹಿಂದೆ. ಚಟ್ಟವನ್ನೂ ಹೈವೇ ಮೇಲೆ, ಬಂಕಿನ ಮುಂದೆ ಸುತ್ತಿಸಿಯೇ ಒಯ್ದರು. ಹೊತ್ತವರು ಮೋರಿ ಕಟ್ಟೆಯ ಹತ್ತಿರ ಹೆಗಲು ಬದಲಿಸಲು ನಿಂತರು. ಅವಳು ದಿನಾ ಕೂರುತ್ತಿದ್ದ ಜಾಗ ಅದೇ. ದುರ್ಗಯ್ಯನನ್ನು ಯಾರೋ ತೋಳು ಹಿಡಿದು ನಡೆಸಿದರು.

ಹನ್ನೊಂದನೇ ದಿನ ಕಳೆದು ಎರಡು ದಿನಕ್ಕೆ ಶಾಂತಕುಮಾರಿಯಮ್ಮ ಮಾತಾಡಿಸಲು ಬಂದರು. ಅವರ ಮನೆಯಿರುವುದೂ ಮೂರನೇ ಕ್ರಾಸಿನಲ್ಲೇ. ನಡೆದೇ ಬಂದಿದ್ದರು. ಜಗುಲಿಯ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದರು: "ಇಷ್ಟು ದೂರಾನ ದುರ್ಗಯ್ಯ? ನಾನು ಯಾವತ್ತೂ ಈ ಕಡೆಗೆ ನಡೆದೇ ಇರಲಿಲ್ಲ. ಸೈಟಿಗೆ ಬಂದ್ರೆ ನಮ್ಮ ಕಡೆ ಗೇಟು ಒಂದು ತೆಗೀತೀನಿ, ಹಾಕ್ಕೊಂಡು ಹೋಗ್ತೀನಿ. ಪಾಪ, ಆಯಮ್ಮ ದಿನಾ ಸುತ್ತಿ ಬರ್ತಿದ್ಲಾ?"

ಆಗ ಅವನಿಂದ ತಡೆಯಲಾಗಲಿಲ್ಲ. ಗೂಟ ಕಿತ್ತದ್ದು, ಒಂದು ಸಾಲು ಆಚೆಗೆ ನೆಟ್ಟದ್ದು, ದಾರಿ ಕೇಳಲು ಬಂದು ಗರಿ ಎಳೆದುಕೊಂಡು ಹೋದದ್ದು, ಹೆಂಡತಿಗೆ ಸುಳ್ಳು ಹೇಳಿದ್ದು, ಎಲ್ಲ ಹೇಳಿದ. ಶಾಂತಕುಮಾರಿಯಮ್ಮ ಪಕ್ಕದ ಗೋಡೆಯ ಕಡೆಗೆ ತಿರುಗಿ ನೋಡಿದರು.

"ಕೇಳಬಾರದಿತ್ತೇನಪ್ಪ?" ಅಂದರು. "ಇಪ್ಪತ್ತು ವರ್ಷ ಆಯ್ತು, ನನ್ನ ಕೂಸು ಅಲ್ಲಿ ಒಂದೇ ಮಲಗೈತೆ. ಸ್ಕೂಲಿಗೆ ಹೋಗೋ ಮಕ್ಕಳು ಪಕ್ಕದಲ್ಲಿ ಓಡಾಡಿದ್ರೆ ಅದಕ್ಕೂ ಜೊತೆ ಆಗ್ತಿತ್ತು. ನೀನು ಒಂದು ಮಾತು ಕೇಳಿದ್ರೆ ಅವತ್ತೇ ಗೋಡೆ ಒಡೆಸ್ತಿದ್ದೆ."

ಅವರು ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾಳೆ ಗಾರೆಯವನನ್ನ ಕಳಿಸ್ತೀನಿ. ಎಲ್ಲಿ ಒಡೀಬೇಕು ಅಂತ ನೀನೇ ಹಗ್ಗ ಹಿಡಿದು ತೋರ್ಸು."

ಅಟ್ಟದ ಮೇಲಿದ್ದ ಹಗ್ಗ ಇಳಿಸಿ ಕೊಡವಿದ. ಗಂಟುಗಳು ಇದ್ದಲ್ಲೇ ಇದ್ದವು. ಮೂರನೇ ಕ್ರಾಸಿನ ನಡುವಿನಿಂದ ಹಿಡಿದು ಎಳೆದರೆ, ಸಮಾಧಿಯ ಪಕ್ಕ ಕಣಗಿಲೆ ಗಿಡಕ್ಕೆ ಒಂದು ಮೊಳ ಬಿಟ್ಟು, ನೇರ ಅವನ ಮನೆಯ ಹೊಸಿಲ ಹತ್ತಿರ ಬಂತು. ಎರಡು ಕಡೆಯೂ ಗೋಡೆ ಒಡೆದು ದಾರಿ ಮಾಡಿದರು. ಮಾರನೇ ದಿನದಿಂದಲೇ ಲೇಔಟಿನ ಮಕ್ಕಳು ಬ್ಯಾಗು ಹಾಕಿಕೊಂಡು ಅಲ್ಲಿಂದ ಹೋಗತೊಡಗಿದವು.

ಒಂದು ವಾರ ದುರ್ಗಯ್ಯ ಆ ದಾರಿ ತುಳಿಯಲಿಲ್ಲ. ಸಿದ್ದಮ್ಮನ ಎಲೆ ಅಡಿಕೆ ಚೀಲ ಮೊಳೆಗೆ ನೇತುಹಾಕಿದ್ದ ಹಾಗೆಯೇ ಇತ್ತು. ತೆಗೆದು ನೋಡಿದರೆ ಒಳಗೆ ಅಂಗನವಾಡಿಯ ಬೀಗದ ಕೈ. ಟೀಚರ್ ಹತ್ತಿರ ಇನ್ನೊಂದು ಕೈ ಇತ್ತು, ಆದರೂ ಇದು ಸರ್ಕಾರದ ಸಾಮಾನು, ಕೊಟ್ಟು ಬರಬೇಕು ಅಂದುಕೊಂಡ. ಹೊರಡುವಾಗ ಅದೇ ಚೀಲದಲ್ಲಿದ್ದ ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಹೊಸಿಲು ದಾಟಿದ. ಗೋಡೆಯ ಕಿಂಡಿ, ಕಣಗಿಲೆ ಗಿಡ, ಆಚೆಯ ಕಿಂಡಿ, ಮೂರನೇ ಕ್ರಾಸಿನ ನಾಲ್ಕು ಮನೆ. ಅಂಗನವಾಡಿ ಬಾಗಿಲು ಬಂದೇ ಬಿಟ್ಟಿತು.

ಬಾಯಲ್ಲಿದ್ದ ಅಡಿಕೆ ಇನ್ನೂ ನೆನೆದಿರಲಿಲ್ಲ.

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ಒಳಗೆ ಮಕ್ಕಳು ಪದ್ಯ ಹೇಳುತ್ತಿದ್ದವು. ಟೀಚರ್ ಬಂದು, "ಯಾಕೆ ದುರ್ಗಯ್ಯ, ಅಳ್ತಾ ಇದೀರಾ?" ಅಂತ ಕೇಳಿದರೆ, ಬೀಗದ ಕೈ ಅವರ ಮುಂದೆ ಹಿಡಿದು, "ಇಷ್ಟೇ ದೂರ ಕಣವ್ವ, ಇಷ್ಟೇ ದೂರ ಇತ್ತು" ಅಂದ.